ಕುದುರಿದು ತಪ್ಪೋ, ಸವಾರಂದು ತಪ್ಪೋ?

ಮಲಪ್ರಭೆಯ ದಂಡೆಗುಂಟ ರಾಮದುರ್ಗದಿಂದ ಮನೋಳಿಯವರೆಗೆ ಎಲ್ಲಿ ಕುದುರೆ ಓಟದ ಶರ್ಯತ್ತು ನಡೆದರೂ ಇಂಥವು ನಡೆಯುತ್ತಲೇ ಇರುತ್ತವೆ. ಗೆದ್ದರೆ ಮಾಲಕ ಗೆದ್ದ ಎಂದು ಪಟಾಕಿ ಹಾರುತ್ತವೆ. ಸೋತರೆ ಮಾಲಕ ಸೋತ ಎಂದು ಯಾರಾದರೂ ಹೇಳಿದ್ದನ್ನು ನಾನು ಈವರೆಗೆ ಕೇಳಿಲ್ಲ. ಒಂದೋ ಕುದುರೆ ಸೋತಿರುತ್ತದೆ, ಇಲ್ಲವೇ ಸವಾರ ಸೋಲಿಸಿರುತ್ತಾನೆ. ಇಬ್ಬರಲ್ಲಿ ಯಾರು ಎಂದು ಹೇಳುವ ಕೆಲಸ ಹೇಗೋ ಬಂದು ನನ್ನ ಕೊರಳಿಗೆ ಬಿದ್ದಿದೆ.

1. ನಾನು ಪಂಚನಾದದ್ದು

ನಾನು ದನದ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದು ರಿಟೈರ್ ಆದವನು. ಊರವರು ಡಾಕ್ಟರ ಎಂದೇ ಕರೆಯುತ್ತಾರೆ. ಹಾಗೆ ಕರೆಯಬೇಡಿ ಎನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ನೌಕರಿ ಮುಗಿದರೂ ಮೈಮೇಲಿನ ಬಿಳಿ ಅಂಗಿ ಬಿಟ್ಟಿಲ್ಲ, ಬಗಲಿನ ಕರಿ ಚೀಲ ಬಿಟ್ಟಿಲ್ಲ. ಚೀಲವಿಲ್ಲದೆ ಹೊರಬಿದ್ದರೆ ಧೋತರ ಮರೆತು ಬಂದ ಹಾಗಾಗುತ್ತದೆ.

ಒಂದು ದಿನ ನಮ್ಮ ಮನೋಳಿಯ ಕಾಳಿನ ಸಾವಕಾರರು ಬಂದು ನಮ್ಮ ಕಟ್ಟೆಯ ಮೇಲೆ ಕೂತರು. ಬೆನ್ನಿಗೇ ಅವರ ಸವಾರ ಬಂದು ಕೆಳಗೆ ಕೂತ. ಸಾವಕಾರರು ಹೊಸದಾಗಿ ಬೆಳ್ಳಿ ಎಂಬ ಬಿಳಿ ಹೆಣ್ಣು ಕುದುರೆ ಕೊಂಡಿದ್ದರು. ಅದು ಮೊದಲ ಓಟದಲ್ಲೇ ಎಲ್ಲಕ್ಕಿಂತ ಕಡೆಗೆ ಬಂದಿತ್ತು. ಇಬ್ಬರೂ ತಮ್ಮ ತಮ್ಮ ಮಾತು ಹೇಳಿ ಮುಗಿಸಿದರು.

"ಡಾಕ್ಟರ, ಈಗ ಹೇಳೇಬಿಡ್ರಿ. ಕುದುರಿದು ತಪ್ಪೋ, ಇವಂದು ತಪ್ಪೋ?" ಎಂದರು ಸಾವಕಾರರು.

"ಇಬ್ಬರ ಮಾತೂ ಆತು. ಕುದುರಿನೂ ಕರಕೊಂಡ ಬರ್ರಿ, ಅದರ ಮಾತೂ ಕೇಳೂಣು" ಎಂದೆ ನಾನು ಚೇಷ್ಟೆಗೆ.

ಚೇಷ್ಟೆ ಎಂದು ಯಾರಿಗೂ ಅನ್ನಿಸಲಿಲ್ಲ. ಸಂಜೆಯೊಳಗೆ ಸಾಲಹಳ್ಳಿಯವರೆಗೆ ಸುದ್ದಿ ಮುಟ್ಟಿತು: ಡಾಕ್ಟರಿಗೆ ಕುದುರೆ ಮಾತು ತಿಳಿಯುತ್ತದೆ. ಅಲ್ಲಿಂದ ಮುಂದೆ ಎಲ್ಲಿ ಶರ್ಯತ್ತು ನಡೆದರೂ ಓಟ ಮುಗಿಯುವ ಕಡೆ ಸುಣ್ಣದಲ್ಲಿ ಎಳೆದ ಗೆರೆಯ ಮೇಲೆ, ಗೆದ್ದವರು ಯಾರೆಂದು ಹೇಳುವ ಪಂಚನಾಗಿ ನಿಲ್ಲಲು ನನಗೇ ಕರೆ. ಮನುಷ್ಯರ ಮಾತೇ ಈ ಗಂಡಸಿಗೆ ತಿಳಿಯುವುದಿಲ್ಲ ಎನ್ನುವುದು ನನ್ನ ಹೆಂಡತಿಗೆ ಮಾತ್ರ ಗೊತ್ತಿತ್ತು. ಪುಣ್ಯಕ್ಕೆ ಅವಳನ್ನು ಯಾರೂ ಕೇಳಲಿಲ್ಲ.

2. ಬ್ಯಾಂಡ್ ಬಾರಿಸಿದವರು ಯಾರು

ಆ ಮೊದಲ ಸೋಲಿನ ವಿಚಾರಣೆ ನಾನೇ ಮಾಡಿದೆ. ಓಟ ನಡೆದದ್ದು ಸವದತ್ತಿ ಕಡೆಯ ಒಂದು ಖುಲ್ಲಾ ಹೊಲದಲ್ಲಿ. ಸವಾರ ಹೇಳಿದ್ದು ಇಷ್ಟು: "ನಿಶಾನಿ ಕೆಳಗ ಬಿತ್ತ್ರಿ. ಉಳಿದ ಕುದುರಿ ಎಲ್ಲಾ ಬಾಣದಂಗ ಹ್ವಾದುವು. ನಮ್ಮದು ಎರಡ ಹೆಜ್ಜಿ ಇಡ್ತು, ನಿಂತು ಕುಣೀತು. ಮತ್ತ ಎರಡ ಹೆಜ್ಜಿ ಇಡ್ತು, ಮತ್ತ ಕುಣೀತು. ನಾ ಮ್ಯಾಲ ಕುಂತು ಅಳಾಕ ಹತ್ತಿದ್ನಿ."

"ಲಗಾಮು ಹಿಡಿಯಾಕ ಬರಲ್ಲ ಇವಗ" ಎಂದರು ಸಾವಕಾರರು.

ಓಟ ಶುರುವಾಗುವಾಗ ಹತ್ತಿರದಲ್ಲಿ ಏನಾದರೂ ಸದ್ದಿತ್ತೇ ಎಂದು ಕೇಳಿದೆ. ಬ್ಯಾಂಡಿನವರು ಬಾರಿಸುತ್ತಿದ್ದರಂತೆ. ನಾನು ಸಾವಕಾರರ ಮುಖ ನೋಡಿದೆ. ಅವರು ತಮ್ಮ ಚಪ್ಪಲಿ ನೋಡಿಕೊಂಡರು.

"ಸಾವಕಾರ್ರ, ಲಗ್ನದ ಸುಗ್ಗಿಯೊಳಗ ಬೆಳ್ಳಿ ಎಲ್ಲಿತ್ತ್ರಿ?"

"ಎಲ್ಲೆಲ್ಲೆರ ಕಳಿಸಿದ್ವಿ... ಬೈಲಹೊಂಗಲ, ಕಿತ್ತೂರ ಕಡೆ. ಬೀಗರು, ಬೇಕಾದವರು ಕೇಳ್ತಾರ. ಮದಿಮಗ ನಡಕೋತ ಹೋಗಾಕ ಬರ್ತದೇನ್ರಿ?"

ಎರಡು ತಿಂಗಳು ಮದುಮಕ್ಕಳನ್ನು ಹೊತ್ತು ಬ್ಯಾಂಡಿನ ಮುಂದೆ ಎರಡು ಹೆಜ್ಜೆಗೊಮ್ಮೆ ಕುಣಿದ ಕುದುರೆ ಅದು. ಬ್ಯಾಂಡ್ ಕೇಳಿದ ಕೂಡಲೇ ತನ್ನ ಕೆಲಸ ತಾನು ಮಾಡಿದೆ. ಕುದುರೆಯದೂ ತಪ್ಪಿಲ್ಲ, ಸವಾರನದೂ ತಪ್ಪಿಲ್ಲ, ಎಲ್ಲ ನಿಮ್ಮದೇ ಎಂದೆ. ಸಾವಕಾರರು ಬಹಳ ಹೊತ್ತು ವಿಚಾರ ಮಾಡಿ ಎದ್ದರು.

"ಅಂದ್ರ ಬ್ಯಾಂಡಿನವರದು ತಪ್ಪ ಅನ್ರಿ" ಎಂದರು.

3. ಹುಗ್ಗಿ

ಎರಡನೆಯ ಓಟ ಮನೋಳಿಯಲ್ಲೇ. ಈ ಸಲ ಬ್ಯಾಂಡನ್ನು ಸಾವಕಾರರೇ ಬಂದ್ ಮಾಡಿಸಿದ್ದರು. ಬೆಳ್ಳಿ ಚೆಂದಾಗಿ ಹೊರಟಿತು. ಅರ್ಧ ದಾರಿ ದಾಟಿದ ಮೇಲೆ ನಿಧಾನವಾಯಿತು, ನಿಂತಿತು, ಸವಾರ ಇಳಿಯುವಷ್ಟು ಪುರುಸೊತ್ತು ಕೊಟ್ಟು ನೆಲಕ್ಕೆ ಉರುಳಿ ಹೊರಳಾಡತೊಡಗಿತು.

ಓಡಿಹೋಗಿ ಹೊಟ್ಟೆಗೆ ಕಿವಿ ಹಚ್ಚಿದೆ. ಹೊಟ್ಟೆಶೂಲೆ. ಏನು ತಿನ್ನಿಸಿದಿರಿ ಎಂದು ಕೇಳಿದೆ. ಸಾವಕಾರರ ಅವ್ವನೇ ಸೆರಗು ಸರಿಪಡಿಸಿಕೊಂಡು ಮುಂದೆ ಬಂದಳು. ಎಂಬತ್ತು ದಾಟಿದ ಮುದುಕಿ, ಮಾತು ಮಾತ್ರ ಹದಿನೆಂಟರದ್ದು.

"ಓಡಾಕ ಹೊಂಟ ಜೀವಕ್ಕ ಬರೇ ಹುಲ್ಲ ಹಾಕಿ ಕಳಸ್ತಾರೇನ? ಒಂದ ಬುಟ್ಟಿ ಗೋದಿ ಹುಗ್ಗಿ ಉಣಿಸೇನಿ. ತುಪ್ಪಾನೂ ಹಾಕೇನಿ."

"ಒಂದು ಬುಟ್ಟಿ?"

"ಸಣ್ಣ ಬುಟ್ಟೀನ" ಎಂದಳು ಅವ್ವ, ಎರಡೂ ಕೈ ಅಗಲಿಸಿ.

ದವಾಖಾನೆಯ ದೊಡ್ಡ ಡಾಕ್ಟರು ಬರೆದುಕೊಟ್ಟ ಹಾಗೆ ಮೂರು ದಿನ, ಮುಂಜಾನೆ ಒಂದು ಸಂಜೆ ಒಂದು, ಕೊರಳಿಗೆ ಸೂಜಿ ಚುಚ್ಚಿದವನು ನಾನೇ. ಮೂಗಿನಿಂದ ನಳಿಗೆ ಇಳಿಸುವಾಗ ಹಿಡಿದವನೂ ನಾನೇ. ಸವಾರ ಆ ಮೂರು ದಿನ ಕುದುರೆಯ ಪಕ್ಕದಲ್ಲೇ ಕೂತಿದ್ದ. ಅದು ಮೇವು ಮುಟ್ಟುವವರೆಗೆ ತಾನೂ ರೊಟ್ಟಿ ಮುಟ್ಟಲಿಲ್ಲ. ಇಂಥ ಮನುಷ್ಯನನ್ನು ಕುದುರೆ ಕೆಡಿಸಿದವನು ಎಂದು ಬೈಯುತ್ತಾರಲ್ಲ ಎಂದು ನನಗೆ ಸಂಕಟವಾಯಿತು.

ನಾಲ್ಕನೆಯ ದಿನ ಬೆಳ್ಳಿ ಎದ್ದು ನಿಂತಿತು. ಕಿವಿ ಹಿಂದಕ್ಕೆ ಮಾಡಿ, ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿತು. ಜೀವ ಉಳಿಸಿದವನನ್ನು ಮೂಕ ಪ್ರಾಣಿ ಎಷ್ಟು ಪ್ರೀತಿಯಿಂದ ನೋಡುತ್ತದೆ ಎಂದು ಮನೆಗೆ ಬಂದು ಹೆಂಡತಿಗೆ ಹೇಳಿಕೊಂಡೆ.

4. ಗೆರೆಗೆ ಹತ್ತು ಹೆಜ್ಜೆ

ಸಾಲಹಳ್ಳಿಯ ಓಟಕ್ಕೆ ಬೆಳ್ಳಿ ಪೂರ್ತಿ ಗುಣವಾಗಿತ್ತು. ಬ್ಯಾಂಡಿಲ್ಲ, ಹುಗ್ಗಿಯಿಲ್ಲ. ನಾನು ಗೆರೆಯ ಮೇಲೆ ಚೀಲ ಹಿಡಿದು ನಿಂತಿದ್ದೆ. ದೂರದಲ್ಲಿ ಧೂಳು ಕಂಡಿತು, ಧೂಳಿನ ಮುಂದೆ ಬಿಳಿ ಚುಕ್ಕೆ ಕಂಡಿತು. ಬೆಳ್ಳಿ ಎಲ್ಲರಿಗಿಂತ ಮೂರು ಕುದುರೆಯಷ್ಟು ಮುಂದಿತ್ತು. ಸಾವಕಾರರು ಗುಲಾಲಿನ ಚೀಲಕ್ಕೆ ಕೈ ಹಾಕಿದರು.

ಗೆರೆಗೆ ಹತ್ತು ಹೆಜ್ಜೆ ಇದ್ದಾಗ ಬೆಳ್ಳಿ ಗಕ್ಕನೆ ನಿಂತಿತು. ಎಡಕ್ಕೆ ಹೊರಳಿ ಪಕ್ಕದ ಕಡಲೆ ಹೊಲಕ್ಕೆ ನುಗ್ಗಿತು. ಹಿಂದಿದ್ದ ಕುದುರೆಗಳೆಲ್ಲ ಗೆರೆ ದಾಟಿದವು.

ಹದಿನೈದು ದಿನಕ್ಕೆ ರಾಮದುರ್ಗದಲ್ಲಿ ಮತ್ತೊಂದು ಓಟ. ಅಲ್ಲಿಯೂ ಬೆಳ್ಳಿಯೇ ಮುಂದೆ. ಅಲ್ಲಿಯೂ ಗೆರೆಗೆ ಹತ್ತು ಹೆಜ್ಜೆ ಇದ್ದಾಗ ನಿಂತು ಹೊರಳಿತು. ಎಡಗಡೆ ಮಂದಿ ನಿಂತಿದ್ದರಿಂದ ಬಲಕ್ಕೆ ಹೋಯಿತು, ಅಷ್ಟೇ ಫರಕು.

ಯಾರೋ ಮೊಬೈಲಿನಲ್ಲಿ ಹಿಡಿದ ವಿಡಿಯೋ ಸಂಜೆಯೊಳಗೆ ಎಲ್ಲರ ಕೈಗೆ ಬಂತು. ಚಾದಂಗಡಿಯಲ್ಲಿ ಒಬ್ಬ, ಸವಾರ ಬಲ ಲಗಾಮು ಜಗ್ಗಿದ ಎಂದ. ಇನ್ನೊಬ್ಬ, ಕುದುರೆಗೆ ಬಿಸಿಲು ಹೊಡೆಯಿತು ಎಂದ. ನಾವೆಲ್ಲ ಇಪ್ಪತ್ತು ಸಲ ನೋಡಿದೆವು. ನೋಡಿದಷ್ಟೂ ನನಗೇ ಬೈದರು, ಯಾಕೆಂದರೆ ವಿಡಿಯೋದಲ್ಲಿ ಅರ್ಧಕ್ಕರ್ಧ ನನ್ನ ಬೆನ್ನೇ ತುಂಬಿತ್ತು.

"ಡಾಕ್ಟರ, ಆ ಬಿಳಿ ಅಂಗಿ ಹಾಕ್ಕೊಂಡು ನಡುವ ನಿಂತೀರಲ್ರಿ, ಕುದುರಿ ಮಾರಿ ಸಮೇತ ಕಾಣವಲ್ದು!"

ಸಾವಕಾರರು ಈ ಸಲ ಬೈಯಲಿಲ್ಲ. ಅದೇ ಕೆಟ್ಟದ್ದೆನಿಸಿತು. "ಎದುರಿನವರ ಕೂಡ ಇವ ಸೇರ್ಯಾನ ಅಂತ ಮಂದಿ ಅಂತಾರ. ಎರಡ ಸಲ ಅದ ಜಾಗಾದಾಗ ಹೊಳ್ಳಸ್ಯಾನ. ನೀವು ಕುದುರಿ ನೋಡಿ ಬರದು ಕೊಡ್ರಿ. ಕುದುರಿದು ತಪ್ಪಿದ್ರ ಮಾರತೇನಿ. ಇವಂದು ತಪ್ಪಿದ್ರ ಇವತ್ತ ಇವ ನಮ್ಮ ಹೊಸ್ತಲಾ ಇಳೀಬೇಕು" ಎಂದರು.

ಸವಾರ ತನ್ನ ಟಾವೆಲ್ಲಿನಿಂದ ಬೆಳ್ಳಿಯ ಕಣ್ಣು ಕಟ್ಟಿ ಹಿಡಿದ. ಎಂಥ ಕುದುರೆಯೂ ಹಾಗೆ ಕಟ್ಟಿದರೆ ಸುಮ್ಮನೆ ನಿಲ್ಲುತ್ತದೆ. ನಾನು ಕಾಲು ನೋಡಿದೆ, ಗೊರಸು ನೋಡಿದೆ, ಹಲ್ಲು, ಎದೆ, ಉಸಿರು ಎಲ್ಲ ನೋಡಿದೆ. ಬಂಗಾರದಂಥ ಕುದುರೆ. ಸುಳ್ಳು ಬರೆಯಲು ಬರುವುದಿಲ್ಲ. 'ಕುದುರೆಯಲ್ಲಿ ಯಾವ ದೋಷವೂ ಇಲ್ಲ' ಎಂದು ಬರೆದು ಸಹಿ ಹಾಕಿದೆ.

ಸವಾರ ಓದು ಬಲ್ಲವನಲ್ಲ. ಆದರೂ ನನ್ನ ಮುಖ ನೋಡಿ ಅವನಿಗೆ ತಿಳಿಯಿತು. "ಚಲೋ ಆತ್ರಿ ಡಾಕ್ಟರ. ಅದನ್ನ ಮಾರೂದು ತಪ್ಪಿತಲ್ಲ" ಎಂದ. ಟಾವೆಲ್ ಬಿಚ್ಚಿ ಹೆಗಲಿಗೆ ಹಾಕಿಕೊಂಡು ಹೋಗಿಬಿಟ್ಟ. ಈ ಪ್ರಸಂಗದಲ್ಲಿ ನಗುವಂಥದ್ದು ಏನೂ ಇಲ್ಲ. ಆ ರಾತ್ರಿ ನನಗೂ ನಗು ಬರಲಿಲ್ಲ, ಊಟವೂ ಸೇರಲಿಲ್ಲ.

5. ಅಡಿಗೆಮನೆಯಲ್ಲಿ ಕುದುರೆ

ಮರುದಿನ ಮುಂಜಾನೆ ಸಾವಕಾರರ ಕೈಕಾಲು ಹಿಡಿದಾದರೂ ಸವಾರನನ್ನು ಉಳಿಸಬೇಕೆಂದು ಅವರ ಮನೆಗೆ ಹೋದೆ. ಅಂಗಳದಲ್ಲಿ ಬೆಳ್ಳಿ ಗೂಟಕ್ಕೆ ಕಟ್ಟಿಸಿಕೊಂಡು ಮೇಯುತ್ತಿತ್ತು. ನಾನು ತಲಬಾಗಿಲು ದಾಟಿ ಒಳಗೆ ಕಾಲಿಟ್ಟೆ. ಬೆಳ್ಳಿ ತಲೆ ಎತ್ತಿತು. ನನ್ನ ಅಂಗಿ ನೋಡಿತು, ಚೀಲ ನೋಡಿತು. ಮುಂದಿನದು ನನಗೆ ಸರಿಯಾಗಿ ಕಾಣಲಿಲ್ಲ. ಗೂಟ ಕಿತ್ತಿತು, ಪಡಸಾಲೆ ದಾಟಿತು, ಅಡಿಗೆಮನೆಯೊಳಗೆ ಹೋಗಿ ರೊಟ್ಟಿ ಬಡಿಯುತ್ತಿದ್ದ ಅವ್ವನ ಬೆನ್ನ ಹಿಂದೆ ಅಡಗಿ ನಿಂತಿತು.

ಅವ್ವ ರೊಟ್ಟಿ ತಿರುವಿ ಹಾಕಿ, ಆಮೇಲೆ ನನ್ನ ಕಡೆ ನೋಡಿದಳು.

"ನೀ ಬಂದೀಯೇನ? ಅದಕ್ಕ ಮತ್ತ. ಆ ಸೂಜಿ ಚುಚ್ಚಿದಾಗಿಂದ ನೀ ದೂರ ಓಣ್ಯಾಗ ಹೊಂಟರೂ ಇಲ್ಲಿ ಇದು ಗಡಗಡ ನಡಗತೈತಿ."

"ನನಗ ಗೊತ್ತ ಇರಲಿಲ್ಲವ್ವಾ."

"ಕುದುರಿ ಮಾತು ತಿಳೀತೈತಿ ಅಂತ ಊರೆಲ್ಲಾ ಹೇಳಾಕ ಹತ್ಯಾರ?" ಎಂದಳು. ರೊಟ್ಟಿಯ ಮೇಲೆ ನೀರು ಸವರುತ್ತ ಮತ್ತೆ ಕೇಳಿದಳು: "ಅಲ್ಲೋ ಡಾಕ್ಟರ, ಆ ಸಾಲಹಳ್ಳಿಯೊಳಗ, ರಾಮದುರ್ಗದಾಗ, ಗೆರಿ ಮ್ಯಾಲ ಯಾರು ನಿಂತಿದ್ರು?"

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟೆ. ಇಪ್ಪತ್ತು ಸಲ ನೋಡಿದ ವಿಡಿಯೋ ಇಪ್ಪತ್ತೊಂದನೆಯ ಸಲ ಕಣ್ಣಮುಂದೆ ಬಂತು. ಈ ಸಲ ನನ್ನ ಬೆನ್ನು ಮಾತ್ರ ಕಂಡಿತು.

6. ಮನೋಳಿಯ ಓಟ

ಸಾವಕಾರರ ಮುಂದೆ ಎಲ್ಲ ಹೇಳಿದೆ. ತಪ್ಪು ಕುದುರೆಯದಲ್ಲ, ಸವಾರನದಲ್ಲ, ಪಂಚನದು ಎಂದೆ. ಅವರು ನಂಬಲಿಲ್ಲ. ಸವಾರನನ್ನು ಉಳಿಸಲು ನಾನು ಕಥೆ ಕಟ್ಟುತ್ತಿದ್ದೇನೆ ಎಂದರು. ಕಡೆಗೆ ಅವ್ವ ಗದರಿದ ಮೇಲೆ, ಮನೋಳಿಯಲ್ಲಿ ಮತ್ತೆ ನಡೆಯಲಿದ್ದ ಓಟಕ್ಕೆ ಸವಾರನನ್ನು ವಾಪಸು ಕರೆಸಿದರು. ಇದು ಕಡೆಯ ಸಲ, ಗೆದ್ದರೆ ತಮ್ಮ ತಲೆಯ ರುಮಾಲನ್ನೇ ಬಿಚ್ಚಿ ಅವನ ತಲೆಗೆ ಸುತ್ತುತ್ತೇನೆ, ಸೋತರೆ ಊರೊಳಗೆ ಮುಖ ತೋರಿಸಬಾರದು ಎಂದು ಎಲ್ಲರೆದುರು ಹೇಳಿದರು.

ಗೆರೆಯ ಮೇಲೆ ಬೇರೆ ಪಂಚ ನಿಂತ. ನಾನು ಮನೆಯಲ್ಲಿ ಉಳಿಯುತ್ತೇನೆ ಎಂದೆ. ಸವಾರ ಬಿಡಲಿಲ್ಲ. "ನೀವು ಬರ್ರಿ ಡಾಕ್ಟರ. ಗೆರಿ ಮ್ಯಾಲ ಬ್ಯಾಡ. ಓಟ ಸುರು ಆಗೂವಲ್ಲಿ ನಮ್ಮ ಹಿಂದ ನಿಂದರ್ರಿ" ಎಂದ. ಅವನ ತಲೆಯಲ್ಲಿ ಏನಿತ್ತೆಂದು ಆಗ ತಿಳಿಯಿತು.

ನಾನು ಬಿಳಿ ಅಂಗಿ ಹಾಕಿ, ಚೀಲ ಹಿಡಿದು ಬೆಳ್ಳಿಯ ಹಿಂದೆ ನಿಲ್ಲುತ್ತಲೇ ಉಳಿದ ಮಾಲಕರು ಗದ್ದಲ ಎಬ್ಬಿಸಿದರು. "ಚಾಟಿ ತರಬಾರದು ಅಂತ ನೇಮ ಐತಿ. ಇವರು ಚಾಟಿಗಿಂತ ಹೆಚ್ಚಿನವರದಾರ!" ಎಂದರು. ಪಂಚರು ಅರ್ಧ ತಾಸು ವಿಚಾರ ಮಾಡಿದರು. ಚಾಟಿ ಬೇಡ, ಬಡಿಗೆ ಬೇಡ ಎಂದು ನೇಮದಲ್ಲಿದೆ, ಕಂಪೌಂಡರ್ ಬೇಡ ಎಂದು ಎಲ್ಲಿಯೂ ಇಲ್ಲ ಎಂದು ತೀರ್ಪು ಕೊಟ್ಟರು. ಮೂವತ್ತು ವರ್ಷದಲ್ಲಿ ನನ್ನನ್ನು ಡಾಕ್ಟರ ಎನ್ನದೆ ಕಂಪೌಂಡರ್ ಎಂದದ್ದು ಅದೇ ಮೊದಲು.

ಅಲ್ಲಿಯವರೆಗೆ ಬೆಳ್ಳಿಯ ಕಣ್ಣಿಗೆ ಕಟ್ಟಿದ್ದ ಟಾವೆಲ್ಲನ್ನು ಸವಾರ ಬಿಚ್ಚಿದ, ನಿಶಾನಿ ಬಿತ್ತು. ಸವಾರ ಹೇಳಿಕೊಟ್ಟ ಹಾಗೆ ನಾನು ಚೀಲ ತೆರೆದೆ, ಅಷ್ಟೇ. ಚೀಲದ ಬಾಯಿ ಕಟ್ ಎಂದಿತು. ಬೆಳ್ಳಿ ಇದ್ದ ಜಾಗದಲ್ಲಿ ಧೂಳು ಮಾತ್ರ ಉಳಿಯಿತು. ಉಳಿದವು ಅರ್ಧ ದಾರಿ ಮುಟ್ಟುವುದರೊಳಗೆ ಬೆಳ್ಳಿ ಗೆರೆ ದಾಟಿತು.

ನಾನು ಓಡುತ್ತ ಗೆರೆಯ ಹತ್ತಿರ ಹೋದೆ. ಕಣ್ಣಲ್ಲಿ ನೀರು ಬಂದಿತ್ತು, ಮುಚ್ಚಿಡುವುದೇಕೆ. ಪಟಾಕಿ ಹಾರುತ್ತಿದ್ದವು. ಅವ್ವ ಹುಗ್ಗಿಯ ಬುಟ್ಟಿ ಹಿಡಿದು ನಿಂತಿದ್ದಳು. ಸಾವಕಾರರು ಮಾತಿಗೆ ತಪ್ಪದೆ ರುಮಾಲು ಬಿಚ್ಚಿ, ಬೋಳು ತಲೆಯಲ್ಲಿ ಬಿಸಿಲಿಗೆ ನಿಂತಿದ್ದರು. ಎಲ್ಲ ಇತ್ತು, ರುಮಾಲು ಸುತ್ತಿಸಿಕೊಳ್ಳಬೇಕಾದ ತಲೆ ಮಾತ್ರ ಇರಲಿಲ್ಲ.

"ಎಲ್ಲಿ ಅವ?" ಎಂದೆ.

ಸಾವಕಾರರು ಸವದತ್ತಿ ರಸ್ತೆಯ ಕಡೆ ಕೈ ಮಾಡಿದರು. ಬಲುದೂರ ಒಂದು ಬಿಳಿ ಚುಕ್ಕೆ ಸಣ್ಣದಾಗುತ್ತಿತ್ತು. ಬೆಳ್ಳಿ ಗೆರೆ ದಾಟಿದ್ದು ಹೌದು, ನಿಂತಿರಲಿಲ್ಲ.

"ಏ ತಮ್ಮಾ, ಬೈಕ್ ತಗೀರಿ, ನಾ ಹೋಗಿ ಕರಕೊಂಡ ಬರತೇನಿ" ಎಂದು ನಾನು ಚೀಲ ಬಗಲಿಗೇರಿಸಿ ಮುಂದೆ ನುಗ್ಗಿದೆ.

ಸಾವಕಾರರು ರುಮಾಲು ಕೆಳಗೆ ಒಗೆದು ಎರಡೂ ಕೈಯಿಂದ ನನ್ನ ಅಂಗಿ ಹಿಡಿದುಕೊಂಡರು.

"ನಿಮ್ಮ ಕಾಲ ಬೀಳತೇನಿ ಡಾಕ್ಟರ, ನೀವು ಮಾತ್ರ ಹೋಗಬ್ಯಾಡ್ರಿ! ಈಗ ಸವದತ್ತಿಗೆ ನಿಂತರೂ ನಿಂದರಬಹುದು. ನೀವು ಬೆನ್ನ ಹತ್ತಿದ್ರ ಅದು ಬೈಲಹೊಂಗಲ ದಾಟಿ ಕಿತ್ತೂರ ಮುಟ್ಟತೈತಿ!"