ಇಸುಬು ಮತ್ತು ಈಜುಕೊಳ

ತಾಳ್ಮೆಯ ಬಗ್ಗೆ ಭಾಷಣ ಮಾಡುವವರಲ್ಲಿ ಒಬ್ಬರಿಗಾದರೂ ಎಕ್ಸಿಮಾ ಇದ್ದದ್ದನ್ನು ನಾನು ಕಂಡಿಲ್ಲ. ಇದ್ದಿದ್ದರೆ ಅವರ ಮಾತನ್ನು ಮುಂದಿನ ಸಾಲಿನಲ್ಲೇ ಕುಳಿತು ಕೇಳುತ್ತಿದ್ದೆ. ನಾನು ಸುರತ್ಕಲ್ಲಿನ ಒಂದು ಪ್ರೌಢಶಾಲೆಯಲ್ಲಿ ಕನ್ನಡ ಟೀಚರು. ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು, ತರಗತಿಯಲ್ಲಿ ಕನ್ನಡ ಮಾತನಾಡುತ್ತೇನೆ. ತುರಿಕೆ ಎದ್ದಾಗ ಮಾತ್ರ ಮೂರರಲ್ಲಿ ಯಾವ ಭಾಷೆಯೂ ಬಾಯಿಗೆ ಬರುವುದಿಲ್ಲ. ಸಹನೆಯ ಮಹತ್ವವನ್ನು ಸಾರುವ ಪದ್ಯವೊಂದನ್ನು ಪ್ರತಿವರ್ಷ ಮಕ್ಕಳಿಗೆ ಪಾಠ ಮಾಡಬೇಕು. ಮಾಡುತ್ತೇನೆ. ಮಾಡುವಾಗ ಎಡಮೊಣಕೈಯನ್ನು ಮೇಜಿನ ಅಂಚಿಗೆ ಉಜ್ಜುತ್ತಿರುತ್ತೇನೆ. ಮಕ್ಕಳಿಗೆ ಪದ್ಯ ಮರೆತುಹೋಗುತ್ತದೆ, ಉಜ್ಜುವುದು ನೆನಪಿರುತ್ತದೆ.

ನಿಘಂಟಿನಲ್ಲಿ ಇದಕ್ಕೆ ಇಸುಬು ಎಂಬ ಪುಟ್ಟ ಹೆಸರಿದೆ. ಕೇಳಿದರೆ ಬಾಳೆಲೆಯಲ್ಲಿ ಸುತ್ತಿ ಬೇಯಿಸಿದ ಯಾವುದೋ ತಿಂಡಿ ಎನ್ನಿಸಬೇಕು. ಆದರೆ ಜನ ಅದನ್ನು ಇಸುಬು ಎಂದು ಕರೆದರೆ ತಾನೆ? ಬಸ್ಸಿನಲ್ಲಿ ಪಕ್ಕದ ಸೀಟಿನ ಹೆಂಗಸು ನನ್ನ ಕುತ್ತಿಗೆಯನ್ನು ಒಂದು ಸಲ, ನನ್ನ ಮುಖವನ್ನು ಒಂದು ಸಲ ನೋಡಿ, “ಎಂತ ಅದು, ಕಜ್ಜಿಯಾ?” ಎಂದು ಕೇಳುತ್ತಾಳೆ. ಕೇಳಿದ ಮೇಲೆ ಉತ್ತರಕ್ಕೆ ಕಾಯುವುದಿಲ್ಲ, ಕಿಟಕಿಯ ಕಡೆ ಸರಿಯುತ್ತಾಳೆ. ಸರಿದು ಕುಳಿತು, ಅಲ್ಲಿಂದಲೇ ಔಷಧ ಹೇಳುತ್ತಾಳೆ. ಇದು ನನಗೆ ಈವರೆಗೂ ಅರ್ಥವಾಗಿಲ್ಲ. ಹತ್ತಿರ ಕೂರಲಾಗದವರಿಗೆ ಮದ್ದು ಹೇಳುವ ಹಕ್ಕು ಎಲ್ಲಿಂದ ಬರುತ್ತದೆ?

ಈ ವರ್ಷ ಬೇಸಿಗೆ ಶುರುವಾಗುವಾಗಲೇ ನನ್ನ ಚರ್ಮ ಕೆರಳಿತು. ಮಂಗಳೂರಿನ ಬೆವರು ಗೊತ್ತಲ್ಲ, ಸ್ನಾನ ಮಾಡಿ ಟವೆಲಿನಲ್ಲಿ ಒರೆಸಿಕೊಳ್ಳುವಷ್ಟರಲ್ಲಿ ಮತ್ತೆ ಒದ್ದೆ. ಮೊಣಕೈಯ ಮಡಿಕೆ, ಕುತ್ತಿಗೆ, ಬೆರಳ ಸಂದಿ, ಕಾಲಿನ ಗಂಟು, ಒಂದಾದ ಮೇಲೊಂದು ಕೆಂಪಗಾಗಿ, ಒಡೆದು, ನೀರು ಸೋರಲು ತೊಡಗಿದವು. ಹೀಗಾದಾಗ ನಮ್ಮ ಮನೆಯ ಸಂವಿಧಾನವೇ ಬದಲಾಗುತ್ತದೆ. ಹಳೆಯ ಮೆತ್ತನೆಯ ಹತ್ತಿ ಬೆಡ್‌ಶೀಟುಗಳು ಹೊರಗೆ ಬರುತ್ತವೆ. ಸಾಬೂನು ಒಳಗೆ ಹೋಗುತ್ತದೆ. ಬಾಗಿಲ ಹಿಡಿ, ಟಿವಿಯ ರಿಮೋಟು, ಮೊಬೈಲು ಎಲ್ಲವೂ ಮುಲಾಮಿನಿಂದ ಜಾರುತ್ತವೆ. ಉತ್ತರಪತ್ರಿಕೆಗಳಿಗೂ ಮುಲಾಮು ತಾಗಿ, ಹಾಳೆ ಪಾರದರ್ಶಕವಾಗಿ, ಒಬ್ಬ ಹುಡುಗಿಯ ಸಂಧಿ ಮತ್ತು ಸಮಾಸಗಳು ಒಂದರ ಮೇಲೊಂದು ಕಾಣಿಸತೊಡಗಿದವು. ಎರಡಕ್ಕೂ ಸೇರಿಸಿ ಧಾರಾಳವಾಗಿಯೇ ಅಂಕ ಕೊಟ್ಟೆ. ಶಾಲೆಯ ಹಾಜರಿ ಯಂತ್ರದ್ದು ಬೇರೆಯೇ ಕಥೆ. ಬೆರಳ ತುದಿ ಸುಲಿದಿರುವುದರಿಂದ ಅದು ನನ್ನನ್ನು ಗುರುತಿಸುವುದಿಲ್ಲ. ನಾನು ನಾನಲ್ಲವೆಂದು ಕೆಂಪು ದೀಪ ಹಾಕಿ ಎಲ್ಲರ ಎದುರು ಸಾರುತ್ತದೆ. ಆಗ ಹೆಡ್‌ಮಿಸ್ಟ್ರೆಸ್ ಎದ್ದು ಬಂದು, ಇವರು ನಮ್ಮ ಕನ್ನಡ ಟೀಚರೇ ಹೌದು ಎಂದು ಯಂತ್ರದ ಪರವಾಗಿ ನನ್ನನ್ನು ಒಪ್ಪಿಕೊಳ್ಳಬೇಕು.

ಮನೆಯಲ್ಲಿ ಮೀನು ಶುಚಿ ಮಾಡುವ ಕೆಲಸ ನನ್ನ ಗಂಡ ವಾಲಿಯ ಪಾಲಿಗೆ ಬಂತು. ಅವರ ಪೂರ್ತಿ ಹೆಸರು ವಲೇರಿಯನ್. ಬೈಕಂಪಾಡಿಯ ಒಂದು ಕಾರ್ಖಾನೆಯಲ್ಲಿ ಸೂಪರ್‌ವೈಸರ್. ನಂತೂರು ಸರ್ಕಲ್ಲಿನ ಲಾರಿಗಳ ನಡುವೆ ಸಿಕ್ಕಿಹಾಕಿಕೊಂಡು ಮನೆ ಸೇರಿದ ಮನುಷ್ಯನ ಕೈಗೆ ಬಂಗುಡೆಯನ್ನೂ ಕತ್ತಿಯನ್ನೂ ಕೊಟ್ಟರೆ ಏನಾಗಬೇಕೋ ಅದೇ ಆಗುತ್ತಿತ್ತು. ಅತ್ತೆಯಾದರೋ ನನ್ನ ಊಟವನ್ನು ವಹಿಸಿಕೊಂಡರು. ಬಂಗುಡೆ ನಂಜು, ಸಿಗಡಿ ನಂಜು, ಬದನೆ ನಂಜು, ಮೊಟ್ಟೆ ನಂಜು. ಅವರಿಗೆ ಇಷ್ಟವಾದ ಕಾಣೆ ಮೀನು ಮಾತ್ರ ಯಾವ ಕಾಲಕ್ಕೂ ನಂಜಾದದ್ದಿಲ್ಲ. ಯಾವ ಶಾಸ್ತ್ರದಲ್ಲಿ ಹೀಗಿದೆ ಎಂದು ನಾನು ಕೇಳಿದ್ದಕ್ಕೆ, ಇಷ್ಟು ಸಿಟ್ಟು ಇರುವುದರಿಂದಲೇ ಮೈ ತುರಿಸುವುದು ಎಂದರು. ಮೈ ತುರಿಸುವುದರಿಂದ ಸಿಟ್ಟು ಬರುವುದೆಂದು ನಾನು. ಈ ವಾದ ನಮ್ಮ ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ಕಾಲಿನ ಗಂಟು. ಒಂದು ಸಂಜೆ ಉರಿ ತಡೆಯಲಾರದೆ, ಮನೆಯಲ್ಲಿ ಯಾರ ಮುಖವನ್ನೂ ನೋಡಲಾರದೆ ಕೆಳಗಿಳಿದು ಹೋದೆ. ನಮ್ಮ ಫ್ಲಾಟಿನ ಹಿಂದೆ ಒಂದು ಸಣ್ಣ ಈಜುಕೊಳವಿದೆ. ಫ್ಲಾಟು ಕೊಳ್ಳುವಾಗ ಬಣ್ಣದ ಚಿತ್ರದಲ್ಲಿ ಸಮುದ್ರದಷ್ಟು ದೊಡ್ಡದಾಗಿ ತೋರಿಸಿದ್ದರು. ನನಗೆ ಈಜು ಬರುವುದಿಲ್ಲ, ಹಾಗಾಗಿ ಅದರ ಕಡೆ ತಲೆ ಹಾಕಿದವಳಲ್ಲ. ಅಂದು ಮಾತ್ರ ಅಂಚಿನಲ್ಲಿ ಕುಳಿತು ಎರಡೂ ಕಾಲುಗಳನ್ನು ನೀರಿಗೆ ಇಳಿಬಿಟ್ಟೆ. ಆಹಾ ಎನ್ನುವುದಕ್ಕೂ ಶಕ್ತಿ ಇರಲಿಲ್ಲ, ಅಷ್ಟು ಹಿತವಾಯಿತು. ಆ ಸಂಜೆಯಿಂದ ಅದೊಂದು ಅಭ್ಯಾಸವಾಯಿತು. ಶಾಲೆಯಿಂದ ಬಂದು ಚಹಾ ಕುಡಿದು, ಉತ್ತರಪತ್ರಿಕೆಗಳ ಕಟ್ಟು ಹಿಡಿದು, ಕಾಲನ್ನು ನೀರಿನಲ್ಲಿ ಇಟ್ಟು ಕುಳಿತರೆ ಕತ್ತಲಾಗುವವರೆಗೆ ಏಳುತ್ತಿರಲಿಲ್ಲ. ದಿನದಲ್ಲಿ ಸಿಟ್ಟಿಲ್ಲದೆ ಕಳೆಯುತ್ತಿದ್ದ ಹೊತ್ತು ಅದೊಂದೇ.

ಅದಕ್ಕೂ ಕಣ್ಣು ಬಿತ್ತು. ಒಂದು ಬೆಳಿಗ್ಗೆ ಲಿಫ್ಟಿನೊಳಗೆ ನೋಟಿಸು ಅಂಟಿಸಿದ್ದರು. ‘ಚರ್ಮರೋಗ ಇರುವ ವೆಕ್ತಿಗಳು ಈಜುಕೊಳವನ್ನು ಉಪಯೋಗಿಸ ಬಾರದಾಗಿ ವಿನಂತಿ.’ ಕೆಳಗೆ ನಮ್ಮ ಕಟ್ಟಡದ ನಿವಾಸಿಗಳ ಸಂಘದ ಕಾರ್ಯದರ್ಶಿ ಜಗನ್ನಾಥ ಶೆಟ್ಟರ ಸಹಿ. ಚರ್ಮರೋಗವನ್ನಾದರೂ ಕ್ಷಮಿಸಬಹುದಿತ್ತು, ವ್ಯಕ್ತಿಯನ್ನು ವೆಕ್ತಿ ಮಾಡಿದ್ದನ್ನು ನಾನು ಹೇಗೆ ಕ್ಷಮಿಸಲಿ? ಲಿಫ್ಟು ಮೇಲೂ ಕೆಳಗೂ ಹೋಗಿ ಬರುತ್ತಿತ್ತು, ನಾನು ಒಳಗೆ ನಿಂತು ಅದನ್ನೇ ಓದುತ್ತಿದ್ದೆ. ಇಡೀ ಕಟ್ಟಡದಲ್ಲಿ ಆ ಕೊಳದ ಹತ್ತಿರ ಕೆಂಪು ಕಾಲು ಚಾಚಿ ಕೂರುವವಳು ನಾನೊಬ್ಬಳೇ. ಹೆಸರೊಂದು ಹಾಕಿರಲಿಲ್ಲ, ಅಷ್ಟೆ.

ವಾಲಿಗೆ ಹೇಳಿದರೆ, ಹೋಗಲಿ ಬಿಡು, ಮನೆಯಲ್ಲೇ ಬಕೆಟಿನಲ್ಲಿ ಕಾಲಿಡು ಎಂದರು. ಬಕೆಟಿನ ಪ್ರಶ್ನೆಯಲ್ಲ ಇದು ಎಂದೆ. ಶೆಟ್ಟರು ಕೆಟ್ಟವರಲ್ಲ ಎಂದರು. ಅದು ನನಗೂ ಗೊತ್ತಿತ್ತು. ಶೆಟ್ಟರು ಹೋಟೆಲು ನಡೆಸಿ ಈಗ ಮಗನಿಗೆ ವಹಿಸಿಕೊಟ್ಟವರು. ಅಡುಗೆಮನೆಯ ಶುಚಿತ್ವವನ್ನು ಕಾಪಾಡಿದ ಕಣ್ಣುಗಳನ್ನು ಈಗ ನಮ್ಮ ಕಟ್ಟಡದ ಮೇಲೆ ನೆಟ್ಟಿದ್ದರು. ನೀರು ಬಾರದಿದ್ದರೆ ಟ್ಯಾಂಕರು ತರಿಸುವವರು ಅವರೇ, ಕ್ರಿಸ್‌ಮಸ್ಸಿಗೆ ನಾವು ಕೊಟ್ಟ ಕುಸ್ವಾರಿನ ಎಲ್ಲ ತಿಂಡಿಗಳನ್ನು ಹೊಗಳಿ ತಿನ್ನುವವರೂ ಅವರೇ. ಕೆಟ್ಟವರಾಗಿದ್ದರೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ. ನಾನು ಕಲಸಿ, ಕರಿದು, ಈ ಕೈಯಿಂದಲೇ ತಟ್ಟೆ ಕೊಟ್ಟದ್ದಲ್ಲವೇ?

ಆದಿತ್ಯವಾರ ಸಂಘದ ಸಭೆ. ಚರ್ಚಿನಿಂದ ಬಂದವಳೇ ಬಟ್ಟೆ ಬದಲಿಸಿದೆ. ವರ್ಷವಿಡೀ ಉದ್ದ ತೋಳಿನ ಚೂಡಿದಾರದಲ್ಲಿ ಕೈ ಮುಚ್ಚಿಕೊಂಡು ಓಡಾಡುವವಳು ಅಂದು ತೋಳಿಲ್ಲದ್ದನ್ನು ಹಾಕಿಕೊಂಡೆ. ಅತ್ತೆ ನೋಡಿ ಶಿಲುಬೆಯ ಗುರುತು ಮಾಡಿಕೊಂಡರು. ಕೆಳಗಿನ ಹಾಲಿನಲ್ಲಿ ಪ್ಲಾಸ್ಟಿಕ್ ಕುರ್ಚಿಗಳು ತುಂಬಿದ್ದವು. ಜನರೇಟರಿನ ವಿಷಯ ಮುಗಿದು, ಪಾರ್ಕಿಂಗಿನ ವಿಷಯ ಯಾವ ಸಲವೂ ಮುಗಿಯದಂತೆ ಈ ಸಲವೂ ಮುಗಿಯದೆ, ಕೊನೆಗೆ ಕೊಳದ ವಿಷಯ ಬಂತು. ನಾನು ಎದ್ದು ನಿಂತೆ.

ಶೆಟ್ಟರು ಮೆತ್ತಗೆ ಹೇಳಿದರು, “ಟೀಚರ್, ನೀವು ಬೇಸರ ಮಾಡ್ಬೇಡಿ. ನಿಮ್ಮ ಹೆಸರು ನಾವು ಹಾಕಿದ್ದೇವಾ? ಹತ್ತು ಜನರ ಆರೋಗ್ಯ ಅಂತ ಒಂದು ಉಂಟಲ್ಲ.”

“ಇದು ಹರಡುವ ರೋಗ ಅಲ್ಲ ಶೆಟ್ರೇ. ಹರಡುವುದಾದರೆ ನನ್ನ ಗಂಡನಿಗೆ ಯಾವಾಗಲೋ ಬರಬೇಕಿತ್ತು.”

ಇಡೀ ಸಭೆ ತಿರುಗಿ ವಾಲಿಯನ್ನು ನೋಡಿತು. ಸೊಳ್ಳೆ ಕಚ್ಚಿದ್ದ ಕಿವಿಯ ಹಿಂಭಾಗವನ್ನು ತುರಿಸಿಕೊಳ್ಳುತ್ತಿದ್ದ ಅವರು ಮೆಲ್ಲಗೆ ಕೈ ಇಳಿಸಿದರು. ಮದುವೆಯಾದಂದಿನಿಂದ ಆ ಮನುಷ್ಯನ ಮೇಲೆ ನನಗೆ ಅಷ್ಟು ಸಿಟ್ಟು ಬಂದದ್ದಿಲ್ಲ.

ವಾದಿಸಲು ಬೇಕಾದಷ್ಟು ಮಾತು ಕಟ್ಟಿಕೊಂಡು ಹೋಗಿದ್ದೆ. ಎಲ್ಲ ಮರೆತುಹೋಯಿತು. ನೆಟ್ಟಗೆ ಶೆಟ್ಟರ ಮೇಜಿನ ಬಳಿ ಹೋಗಿ, ನಂಬಿಕೆ ಇಲ್ಲದಿದ್ದರೆ ಮುಟ್ಟಿ ನೋಡಿ ಎಂದು ಕೈ ಚಾಚಿದೆ. ಶೆಟ್ಟರು ನನ್ನ ಕೈಯನ್ನು ನೋಡಿದರು. ಅವರ ಕೈ ಸ್ವಲ್ಪ ಮೇಲೆದ್ದಿತು. ಆಮೇಲೆ ಇನ್ನೊಂದು ಕೈಯೂ ಎದ್ದು ಅದಕ್ಕೆ ಸೇರಿ ನಮಸ್ಕಾರವಾಯಿತು. ಯಾರೋ ಕಿಸಕ್ಕೆಂದರು. ನನ್ನ ಕೈ ಚಾಚಿದಂತೆಯೇ ಇತ್ತು. ಹಿಂದಕ್ಕೆ ಎಳೆದುಕೊಂಡರೆ ಸೋತಂತೆ, ಎಳೆದುಕೊಳ್ಳದಿದ್ದರೆ ಭಿಕ್ಷೆ ಬೇಡಿದಂತೆ. ನಾನು ಅಳುವುದೊಂದು ಬಾಕಿ ಇತ್ತು.

ಆಗ ಹೆಂಗಸರ ಸಾಲಿನಿಂದ ಸುಮತಿಯಕ್ಕ ಎದ್ದು ಬಂದರು. ಅವರು ಶೆಟ್ಟರ ಹೆಂಡತಿ, ಸಭೆಗಳಲ್ಲಿ ಬಾಯಿ ಬಿಟ್ಟವರಲ್ಲ. ಬಂದವರು ನನ್ನ ಒಡಕಲು ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡು, ಹತ್ತಿರದ ಕುರ್ಚಿಯಲ್ಲಿ ಕೂರಿಸಿ, ತಾವೂ ಪಕ್ಕದಲ್ಲಿ ಕುಳಿತರು. ನಂತರ ಬಗ್ಗಿ ತಮ್ಮ ಕಾಲುಚೀಲ ಕಳಚಿದರು. ಗಂಟಿನಿಂದ ಬೆರಳವರೆಗೆ ಪಾದ ಹಾಲಿನಂತೆ ಬೆಳ್ಳಗಿತ್ತು. ತೊನ್ನು. ಗ್ರಾನೈಟು ನೆಲ ತಣ್ಣಗಿರುತ್ತದೆಂದು ಅವರು ಸದಾ ಕಾಲುಚೀಲ ಹಾಕುತ್ತಾರೆಂದೇ ನಾವೆಲ್ಲ ತಿಳಿದಿದ್ದೆವು.

“ಇದೂ ಚರ್ಮದ್ದೇ ಅಲ್ವಾ?” ಎಂದು ಗಂಡನನ್ನು ಕೇಳಿದರು. “ಹಾಗಾದರೆ ನನ್ನನ್ನೂ ನೋಟಿಸಿನಲ್ಲಿ ಸೇರಿಸಿ. ಹೆಸರು ಹಾಕಿಯೇ ಸೇರಿಸಿ.”

ಶೆಟ್ಟರು ಕನ್ನಡಕ ತೆಗೆದು ಪಂಚೆಯ ತುದಿಯಲ್ಲಿ ಒರೆಸಿದರು. ಬಹಳ ಹೊತ್ತು ಒರೆಸಿದರು. ಆ ಪಾದ ಮನೆಯಲ್ಲಿ ದಿನವೂ ನೋಡಿದ್ದೇ, ಆದರೆ ಹತ್ತು ಜನರ ನಡುವೆ ನೋಡುವುದು ಬೇರೆ. ಕಡೆಗೆ, ನೋಟಿಸು ತೆಗೆಯುವಾ ಎಂದರು. ತುಳುವಿನಲ್ಲಿ ಹೆಂಡತಿಗೆ ಏನೋ ಹೇಳಿದರು. ಅದು ಅವರಿಬ್ಬರದು, ನಾನು ಕೇಳಿಸಿಕೊಂಡರೂ ಬರೆಯುವುದಿಲ್ಲ.

ಅಷ್ಟಾದದ್ದೇ ಸಭೆ ಸಭೆಯಾಗಿ ಉಳಿಯಲಿಲ್ಲ. ಮೂರನೆಯ ಮಹಡಿಯ ಬ್ಯಾಂಕಿನವರು ಶರ್ಟಿನ ಕಾಲರು ಸರಿಸಿ, ಇದು ಎಂತ ಇರಬಹುದು ಟೀಚರ್ ಎಂದರು. ಇನ್ನೊಬ್ಬರು ಹಿಮ್ಮಡಿ ತೋರಿಸಿದರು. ಪಾರ್ಕಿಂಗಿಗಾಗಿ ಹೊಡೆದಾಟದ ಅಂಚಿಗೆ ಹೋಗಿದ್ದ ಇಬ್ಬರು ಮಹನೀಯರು ಒಬ್ಬರ ಬೆನ್ನಿನ ಬೆವರುಸಾಲೆಯನ್ನು ಇನ್ನೊಬ್ಬರು ಪರೀಕ್ಷಿಸುತ್ತಿದ್ದರು. ನನ್ನ ಸುತ್ತ ಒಂದು ಕ್ಯೂ ಆಗಿತ್ತು. ಇಷ್ಟು ದಿನ ನನಗೆ ಔಷಧ ಹೇಳಿದವರೆಲ್ಲ ಅವರೇ.

ಮರುದಿನ ಸಂಜೆ ಸುಮತಿಯಕ್ಕ ನನ್ನ ಜೊತೆ ಕೊಳಕ್ಕೆ ಬಂದರು. ಸೀರೆ ಸ್ವಲ್ಪ ಎತ್ತಿಕೊಂಡು ಬಿಳಿಯ ಪಾದಗಳನ್ನು ನೀರಿಗೆ ಇಳಿಸಿ, ಬೆರಳುಗಳನ್ನು ಒಂದೊಂದಾಗಿ ಆಡಿಸಿ ನೋಡಿದರು. ಆಮೇಲೆ, “ಇಷ್ಟು ವರ್ಷ ಬಾಲ್ಕನಿಯಿಂದ ನೋಡಿದ್ದೇ ನೋಡಿದ್ದು ಮಾರಾಯ್ರೆ,” ಎಂದರು. ನಾನು ದೊಡ್ಡ ಕೋಟೆಯನ್ನೇ ಗೆದ್ದವಳಂತೆ ಕಾಲಿನಿಂದ ನೀರು ಚಿಮ್ಮಿಸಿದೆ.

ಆದರೆ ನನ್ನ ಕಾಲು ವಾಸಿಯಾಗಲಿಲ್ಲ. ಕೈ, ಕುತ್ತಿಗೆ ಎಲ್ಲ ತಣ್ಣಗಾಗುತ್ತ ಬಂದರೂ ಕಾಲಿನ ಗಂಟು ಮಾತ್ರ ದಿನದಿಂದ ದಿನಕ್ಕೆ ಉರಿಯಿತು. ಚರ್ಮದ ಡಾಕ್ಟರ ಹತ್ತಿರ ಹೋದೆ. ಚಿಕ್ಕ ಪ್ರಾಯದ ಹೆಣ್ಣುಮಗಳು, ಸಮಾಧಾನದಿಂದ ಕೇಳುತ್ತಾರೆ. ಕ್ರೀಮು ಹಚ್ಚುತ್ತಿದ್ದೀರಾ, ಹೌದು. ಸಾಬೂನು ಬಿಟ್ಟಿದ್ದೀರಾ, ಹೌದು. ಹೊಸತಾಗಿ ಏನಾದರೂ ಶುರು ಮಾಡಿದ್ದೀರಾ ಎಂದರು. ನನಗೆ ಅಷ್ಟು ಸಾಕಾಯಿತು. ನೋಟಿಸಿನಿಂದ ತೊಡಗಿ ಕಾಲುಚೀಲದವರೆಗೆ ಇಡೀ ಯುದ್ಧದ ವರದಿ ಒಪ್ಪಿಸಿದೆ. ಅವರು ಪೆನ್ನು ಕೆಳಗಿಟ್ಟು ಕೇಳಿದರು, ನಕ್ಕರು, ಚೆನ್ನಾಗಿ ಮಾಡಿದಿರಿ ಎಂದರು. ಆಮೇಲೆ ನನ್ನ ಕಾಲನ್ನು ಇನ್ನೊಮ್ಮೆ ನೋಡಿದರು.

“ಟೀಚರ್, ನಿಮ್ಮಿಂದ ಆ ನೀರಿಗೆ ಏನೂ ಆಗುವುದಿಲ್ಲ. ಅದು ಸರಿ. ಆದರೆ ಆ ನೀರಿನಿಂದ ನಿಮಗೆ ಆಗ್ತಾ ಉಂಟು. ಕ್ಲೋರಿನ್ ಅಲ್ವಾ? ದಿನಾ ಅಷ್ಟು ಹೊತ್ತು ಅದರಲ್ಲಿ ಕಾಲಿಟ್ಟು ಕೂತರೆ ನಿಮ್ಮ ಚರ್ಮ ತಡೆಯುವುದಿಲ್ಲ. ಇನ್ನು ಇಳಿಯಬೇಡಿ.”

ನಾನು ಅವರನ್ನು ದುರುಗುಟ್ಟಿ ನೋಡಿದೆ. ಆ ಹುಡುಗಿಯ ಮೇಲೆ ಸಿಟ್ಟು ಮಾಡಲು ಒಂದು ಕಾರಣವಾದರೂ ಸಿಕ್ಕೀತೆಂದು ಮನೆಗೆ ಬರುವವರೆಗೆ ಹುಡುಕಿದೆ. ಸಿಗಲಿಲ್ಲ. ವಾಲಿಗೆ ಹೇಳಿದೆ. ಅವರು ಬಚ್ಚಲುಮನೆಗೆ ಹೋಗಿ ಬಾಗಿಲು ಹಾಕಿಕೊಂಡು ನಕ್ಕರು.

ಈಗ ನನ್ನ ಕಾಲು ಬಹುಪಾಲು ವಾಸಿಯಾಗಿದೆ. ಆದರೆ ಕೊಳಕ್ಕೆ ಹೋಗದಿರಲು ಆಗುವುದಿಲ್ಲ. ನಾನು ಹೋಗದಿದ್ದರೆ ಸುಮತಿಯಕ್ಕ ಒಬ್ಬರೇ ಬರುವವರಲ್ಲ. ಅದಕ್ಕೆ ದಿನವೂ ಹೋಗುತ್ತೇನೆ, ನೀರಿನಿಂದ ಒಂದು ಮಾರು ದೂರ ಕುರ್ಚಿ ಹಾಕಿಕೊಂಡು, ಕಾಲು ಮಡಚಿ ಉತ್ತರಪತ್ರಿಕೆ ನೋಡುತ್ತೇನೆ. ಯಾಕೆ ಇಳಿಯುವುದಿಲ್ಲ ಎಂದರೆ ಮಂಡಿನೋವು ಎನ್ನುತ್ತೇನೆ. ಮಂಡಿನೋವಿಗೂ ಜನ ಔಷಧ ಹೇಳಲು ಶುರುಮಾಡಿದ್ದಾರೆ. ಮೊನ್ನೆ ಶೆಟ್ಟರೇ ಬಂದರು. ಸ್ವಲ್ಪ ಹೊತ್ತು ನಿಂತು, ಹೆಂಡತಿ ನೀರಿನಲ್ಲಿ ಕಾಲಾಡಿಸುವುದನ್ನು ನೋಡಿ, ನನ್ನ ಕಡೆ ತಿರುಗಿ ಕೇಳಿದರು, “ಇಷ್ಟೆಲ್ಲ ಜಗಳ ಮಾಡಿ ಈಗ ನೀವು ಇಳಿಯುವುದೇ ಇಲ್ಲ. ನನ್ನ ಮೇಲೆ ಇನ್ನೂ ಸಿಟ್ಟು ಉಂಟಾ ಟೀಚರ್?”

ನಿಜ ಹೇಳುವುದಕ್ಕಿಂತ ಅದು ಸುಲಭವಾಗಿತ್ತು.

“ಸ್ವಲ್ಪ ಉಂಟು ಶೆಟ್ರೇ,” ಎಂದೆ.