ವಾಲ್ವಿನ ಗಂಟಲು

ಗುಮಾಸ್ತನ ಮನೆಯ ನಲ್ಲಿಯಿಂದ ನೀರು ಬರುತ್ತಿದ್ದದ್ದು ಮುನಿಸಿಕೊಂಡ ಹೆಂಡತಿಯ ಉತ್ತರದಂತೆ: ಕೇಳಿದ್ದಕ್ಕೆ ಇಷ್ಟೇ ಇಷ್ಟು. ಒಂದು ಬಕೆಟ್ ತುಂಬಲು ಮೂವತ್ತೈದು ನಿಮಿಷ. ಹಾಗಾಗಿ ಆಫೀಸಿಗೆ ದಿನಾ ತಡ. ಇವತ್ತು ಹತ್ತೂವರೆಗೆ ಬಡ್ತಿಯ ಸಂದರ್ಶನ ಬೇರೆ. ವರ್ಗವಾಗಿ ಬಂದಿದ್ದ ಹೊಸ ಸಾಹೇಬರು ತಡವಾಗಿ ಬಂದವನ ಮುಖವನ್ನೂ ನೋಡುವುದಿಲ್ಲವೆಂದು ಸುದ್ದಿ.

ಬೆಳಿಗ್ಗೆ ಏಳಕ್ಕೇ ಪ್ಲಂಬರ್ ಬಂದ. ಯಾರೂ ಕರೆಯದಿದ್ದರೂ ಅವನ ಬೆನ್ನಿಗೇ ಎದುರುಮನೆಯ ಮೇಷ್ಟ್ರೂ ಬಂದರು.

"ಪೈಪು ಬದಲಾಯಿಸಿ," ಅಂದರು ಮೇಷ್ಟ್ರು.

"ನೀವು ಹೇಳಿದ್ರಿ ಅಂತ ಹೋದ ತಿಂಗಳೇ ಬದಲಾಯಿಸಿದ್ನಲ್ಲ ಮೇಷ್ಟ್ರೇ!" ಅಂದ ಗುಮಾಸ್ತ.

"ಹಾಗಾದ್ರೆ ನಲ್ಲಿ."

"ಅದೂ ಆಯ್ತು."

ಅಷ್ಟರಲ್ಲಿ ಪ್ಲಂಬರ್ ಗೋಡೆಯ ವಾಲ್ವನ್ನು ಬಿಚ್ಚಿ ಕಣ್ಣಿಗೆ ಹಿಡಿದ. "ಕಳ್ಳ ಇಲ್ಲೇ ಇದಾನೆ ಸಾರ್."

"ಅದು ಒಂದಿಂಚಿಂದು ಕಣಯ್ಯ! ಮೈಮೇಲೇ ಬರೆದಿದೆ!" ಮೇಷ್ಟ್ರು ಗದರಿದರು.

"ಮೈ ಒಂದಿಂಚು. ಗಂಟಲು ಅದರ ಅರ್ಧಾನೂ ಇಲ್ಲ. ಬೇಕಾದ್ರೆ ಬೆರಳು ಹಾಕಿ ನೋಡಿ."

ಮೇಷ್ಟ್ರು ಹಾಕಿಯೇಬಿಟ್ಟರು. ಬೆರಳು ಹೋಯಿತು. ವಾಪಸು ಬರಲಿಲ್ಲ.

ಎಣ್ಣೆ ಬಂತು, ಸೋಪು ಬಂತು. ಗುಮಾಸ್ತ ವಾಲ್ವನ್ನು ಎಳೆದ, ಅವನ ಹೆಂಡತಿ ಮೇಷ್ಟ್ರನ್ನು ಎಳೆದಳು. ಮೇಷ್ಟ್ರು ಮಾತ್ರ "ಇದು ಒಂದಿಂಚೇ!" ಎಂದು ಕೂಗುತ್ತಲೇ ಇದ್ದರು. ಬೆರಳು ಹೊರಬಂದಾಗ ಎಂಟೂವರೆ.

ಪ್ಲಂಬರ್ ಹೊಸ ವಾಲ್ವ್ ಕೂರಿಸಿದ. "ಇದರ ತೂತು ಪೈಪಿನಷ್ಟೇ ದಪ್ಪ. ತೆರೆದ್ರೆ ನಡುವೆ ವಾಲ್ವ್ ಇದೆ ಅಂತ ನೀರಿಗೇ ಗೊತ್ತಾಗಲ್ಲ. ಆದ್ರೆ ಸಾರ್, ಟ್ಯಾಂಕಿಂದ ಇಳಿಯೋ ಪೈಪು ಇಡೀ ಕಟ್ಟಡಕ್ಕೆ ಒಂದೇ, ಸ್ವಲ್ಪ ನೋಡ್ಕೊಂಡು..."

ಯಾರು ಕೇಳುತ್ತಾರೆ! ಗುಮಾಸ್ತ ಪೂರ್ತಿ ತಿರುಗಿಸಿಬಿಟ್ಟ. ಹಗ್ಗ ಕಿತ್ತ ಗೂಳಿಯಂತೆ ನುಗ್ಗಿದ ನೀರಿಗೆ ಬಕೆಟ್ ಮಗುಚಿತು, ಚೆಂಬು ತೇಲುತ್ತಾ ನಡುಮನೆಗೆ ಬಂತು. "ರೀ, ನೀರು! ನಮ್ಮನೇಲಿ ನೀರು!" ಹೆಂಡತಿ ಕುಣಿದಳು. ಗುಮಾಸ್ತ ಒಂದಲ್ಲ, ಏಳು ಬಕೆಟ್ ಸುರಿದುಕೊಂಡ. ಅವನು ಹೊರಬಂದ ಮೇಲೂ ಯಾರೂ ನಲ್ಲಿ ನಿಲ್ಲಿಸಲಿಲ್ಲ. ಬಚ್ಚಲಲ್ಲೇ ನಿಂತಿದ್ದ ಮೇಷ್ಟ್ರಿಗಂತೂ ನೋಡಿದಷ್ಟೂ ಕಣ್ಣು ತಣಿಯುತ್ತಿರಲಿಲ್ಲ.

ಒಂಬತ್ತೂವರೆಗೆ ಗುಮಾಸ್ತ ಇಸ್ತ್ರಿ ಅಂಗಿ ತೊಟ್ಟು ಹೊರಡುವಾಗ ಆಫೀಸಿನ ಜವಾನನ ಫೋನು.

"ನಿಧಾನಕ್ಕೆ ಬನ್ನಿ ಸಾರ್. ಸಾಹೇಬ್ರೇ ತಡ. ತಲೆಗೆ ಸೋಪು ಹಚ್ಚಿದ್ದೇ ನೀರು ನಿಂತ್ಹೋಯ್ತಂತೆ. ಕೆಳಗಿನ ಮನೆಯೋನು ಯಾವನೋ ಎಲ್ಲಾ ಎಳ್ಕೊಂಡಿದಾನೆ, ಅವನನ್ನ ವಿಚಾರಿಸ್ಕೊಂಡೇ ಬರ್ತೀನಿ ಅಂದ್ರು."

"ಛೆ ಛೆ! ಎಂಥೆಂಥ ಜನ ಇರ್ತಾರಪ್ಪಾ! ಎಲ್ಲಿ ಅವರ ಮನೆ?"

"ರಾತ್ರಿ ತಾನೇ ಸಾಮಾನು ಇಳಿಸಿದ್ದು, ನನಗೂ ಗೊತ್ತಿಲ್ಲ ಸಾರ್."

ಕರೆಗಂಟೆ ಸದ್ದಾಯಿತು. ಬಾಗಿಲಲ್ಲಿ ಟವಲ್ ಸುತ್ತಿಕೊಂಡ ಒಬ್ಬರು ನಿಂತಿದ್ದರು. ತಲೆ ತುಂಬಾ ನೊರೆ, ಒಂದು ಕಣ್ಣು ಮುಚ್ಚಿತ್ತು.

"ನಿಮ್ಮನೇಲಿ ನೀರು ಬರ್ತಿದೆಯೇನ್ರೀ?"

ಗುಮಾಸ್ತ ಬಾಯಿ ತೆರೆಯುವ ಮೊದಲೇ ಬಚ್ಚಲಮನೆಯಿಂದ ಮೇಷ್ಟ್ರು ಓಡಿಬಂದರು.

"ಬರ್ತಿದೆಯಾ ಅಂತ ಕೇಳ್ತೀರಾ ಸ್ವಾಮಿ? ಪ್ರವಾಹ! ಒಳಗೆ ಬಂದು ನೋಡಿ. ಎಲ್ಲಾ ಇವರದೇ ಸಾಹಸ!"