ಹುಳದಪ್ಪನ ಮುಚ್ಚಳ

ಎಲ್ಲ ರಾದ್ಧಾಂತಕ್ಕೂ ಮೂಲ ಒಂದು ಮುಚ್ಚಳ.

ಕೊಳಚೆನೀರು ಶುದ್ಧಿ ಮಾಡುವ ಆ ಘಟಕದಲ್ಲಿ ಅವನನ್ನು ಎಲ್ಲರೂ ಹುಳದಪ್ಪ ಎಂದೇ ಕರೆಯುತ್ತಿದ್ದರು. ಊರಿನ ಉಚ್ಚೆಯಲ್ಲಿರುವ ಅಮೋನಿಯಾ ತಿಂದು ತೇಗುವ ಕೆಂಪು ಬ್ಯಾಕ್ಟೀರಿಯಾಗಳನ್ನು ಅವನು ತೊಟ್ಟಿಯೊಂದರಲ್ಲಿ ಸಾಕಿಕೊಂಡಿದ್ದ. ಅವಕ್ಕೆ ಗಾಳಿ ಆಗದು ಎಂದು ಎಲ್ಲೋ ಓದಿ ಗಾಳಿಯ ಕೊಳವೆಯನ್ನು ಬಿಗಿಯಾಗಿ ಮುಚ್ಚಿದ್ದು ಸಾಲದೆ, ಆಫೀಸಿನ ಮಾಳಿಗೆಯ ಮೇಲಿದ್ದ ಕುಡಿಯುವ ನೀರಿನ ಟ್ಯಾಂಕಿನ ಮುಚ್ಚಳವನ್ನೂ ಹೊತ್ತು ತಂದು ಹೊದಿಸಿದ್ದ. ಹೆತ್ತ ಮಕ್ಕಳಿಗೂ ಅಷ್ಟು ಅಕ್ಕರೆಯಿಂದ ಹೊದಿಸಿದವನಲ್ಲ. ಆದರೂ ಅಮೋನಿಯಾ ಮಾತ್ರ ಜಪ್ಪಯ್ಯ ಅಂದರೂ ಇಳಿಯಲಿಲ್ಲ.

ಇವತ್ತು ದೊಡ್ಡ ಸಾಹೇಬರ ಪರೀಕ್ಷೆ. ನೀರು ಪಾಸಾದರೆ ತೊಟ್ಟಿಯ ಉಸ್ತುವಾರಿ ಕಾಯಂ. ಇಲ್ಲವಾದರೆ ಮತ್ತೆ ಜಾಲರಿಗೆ ಸಿಕ್ಕ ಕಸ ಬಾಚುವ ಕೆಲಸ. ಆ ವಾಸನೆಗೆ ಹೆಂಡತಿ ಅವನ ಹಾಸಿಗೆಯನ್ನು ವರಾಂಡಕ್ಕೆ ಎಸೆದ ದಿನಗಳು ನೆನಪಾಗಿ ಅವನಿಗೆ ನಿಜಕ್ಕೂ ಭಯವಾಗಿತ್ತು.

ಬಂದು ನೋಡಿದರೆ ತೊಟ್ಟಿ ಗುಳುಗುಳು ಎನ್ನುತ್ತಿದೆ! ಪಕ್ಕದಲ್ಲಿ ಪಂಪು ನೋಡಿಕೊಳ್ಳುವ ಭಾವಮೈದ ಹಲ್ಲು ಕಿರಿಯುತ್ತಾ ನಿಂತಿದ್ದಾನೆ.

"ಅಯ್ಯೋ ಮುಂಡೇದೇ, ಗಾಳಿ ಬಿಟ್ಯೇನೋ?"

"ನಿನ್ನೆ ಸಂಜೆ ಒಂಚೂರು ಬಿಟ್ಟೆ ಭಾವ. ಪಾಪ, ಅವಕ್ಕೂ ಉಸಿರು ಬೇಡ್ವಾ?"

"ನನ್ನ ಮಕ್ಕಳನ್ನ ಕೊಂದ್ಯಲ್ಲೋ!"

"ಭಾವಂಗೆ ಬೇರೆ ಮಕ್ಕಳೂ ಇದಾವೆ ಅಂತ ಅಕ್ಕನಿಗೆ ಹೇಳ್ಲಾ?"

ಅಷ್ಟರಲ್ಲಿ ಲ್ಯಾಬಿನಮ್ಮ ಕಿಟಕಿಯಿಂದ ಕೂಗಿದಳು: "ಸಾಹೇಬ್ರು ಬಂದ್ರು, ಬೇಗ ಬಾಟಲಿ ತುಂಬಿಸ್ಕೊಂಡು ಬನ್ರೀ!"

ಹುಳದಪ್ಪನಿಗೆ ಹೊಳೆದದ್ದು ಒಂದೇ ದಾರಿ. ಆಫೀಸಿಗೆ ಓಡಿ, ಕುಡಿಯುವ ನೀರಿನ ನಲ್ಲಿಗೆ ಬಾಟಲಿ ಹಿಡಿದು ತುಂಬಿಸಿ, ಸಂಭಾವಿತನ ಹಾಗೆ ತಂದು ಸಾಹೇಬರ ಮುಂದಿಟ್ಟ. ಸಾಹೇಬರು ಎರಡು ಹನಿ ಔಷಧಿ ಬಿಟ್ಟರು. ಅಮೋನಿಯಾ ಇದ್ದರೆ ನೀರು ಹಳದಿಯಾಗಬೇಕು. ಆಯಿತು ನೋಡಿ, ಅರಿಶಿನ ಕದಡಿದ ಹಾಗೆ!

"ಏನ್ರೀ, ಶುದ್ಧಿ ಮಾಡಿದ ನೀರು ಕೇಳಿದ್ರೆ ನೇರ ಉಚ್ಚೇನೇ ತಂದಿದೀರಾ?"

"ಅಯ್ಯೋ ಇಲ್ಲ ಸಾರ್, ನಿಮ್ಮಾಣೆ! ಅದು ನಾವು ಕುಡಿಯೋ ನೀರು!"

ನಾಲಿಗೆ ಕಚ್ಚಿಕೊಳ್ಳುವಷ್ಟರಲ್ಲಿ ಮಾತು ಆಡಿಯಾಗಿತ್ತು. ಲ್ಯಾಬಿನಮ್ಮ ಕೈಯಲ್ಲಿದ್ದ ಲೋಟವನ್ನು ಮೆಲ್ಲಗೆ ಕೆಳಗಿಟ್ಟಳು. ಮಾಳಿಗೆ ಹತ್ತಿ ನೋಡಿದರೆ, ಮುಚ್ಚಳವಿಲ್ಲದ ಟ್ಯಾಂಕಿನ ಅಂಚಿನಲ್ಲಿ ಪಾರಿವಾಳಗಳು ಸಾಲಾಗಿ ಕೂತು ನಿಶ್ಚಿಂತೆಯಿಂದ ನೀರಿಗೇ ಹಿಕ್ಕೆ ಹಾಕುತ್ತಿದ್ದವು.

ಸಾಹೇಬರು ಈಗ ತಾವೇ ತೊಟ್ಟಿಯ ನೀರು ತೆಗೆದು ಹನಿ ಬಿಟ್ಟರು. ನೀರಿನ ಬಣ್ಣ ಬದಲಾಗಲಿಲ್ಲ.

"ಶಭಾಷ್! ಯಾರ್ರೀ ಗಾಳಿ ಬಿಟ್ಟಿದ್ದು? ಈ ಕೆಂಪು ಜಾತಿಗೆ ಅಡುಗೆ ಹದ ಮಾಡಿ ಬಡಿಸೋ ಇನ್ನೊಂದು ಜಾತಿ ಬ್ಯಾಕ್ಟೀರಿಯಾ ಇರುತ್ತೆ. ಅದಕ್ಕೆ ಒಂಚೂರು ಗಾಳಿ ಬೇಕೇ ಬೇಕು. ಇಷ್ಟು ದಿನ ಯಾವ ಪುಣ್ಯಾತ್ಮ ಇವನ್ನ ಉಪವಾಸ ಕೆಡವಿದ್ದು?"

ಭಾವಮೈದ ವಿನಯವೇ ಮೈವೆತ್ತಂತೆ ಕೈ ಎತ್ತಿದ. ಗಾಳಿಯ ಪ್ರಶ್ನೆಗೆ ಮಾತ್ರ. ಉಪವಾಸದ ಪ್ರಶ್ನೆಗೆ ಎತ್ತಿದ ಕೈಯಿಂದಲೇ ಭಾವನನ್ನು ತೋರಿಸಿದ.

ಮಧ್ಯಾಹ್ನದ ಹೊತ್ತಿಗೆ ತೊಟ್ಟಿ ಭಾವಮೈದನ ಪಾಲಾಯಿತು. ಹುಳದಪ್ಪ ಮೊದಲು ಮುಚ್ಚಳ ಹೊತ್ತು ಮಾಳಿಗೆಗೆ ಹಾಕಿ ಬಂದು, ಆಮೇಲೆ ಜಾಲರಿಯ ಮುಂದೆ ಕಸ ಬಾಚಲು ನಿಂತ. ಆಗ ಹೆಂಡತಿಯ ಫೋನು.

"ತಮ್ಮ ಎಲ್ಲಾ ಹೇಳ್ದ. ನೀವೇನೂ ಬೇಜಾರು ಮಾಡ್ಕೋಬೇಡಿ. ಹಾಸಿಗೆ ಆಗ್ಲೇ ವರಾಂಡದಲ್ಲಿ ಹಾಸಿದೀನಿ. ಅಲ್ಲಿ ಗಾಳಿ ಚೆನ್ನಾಗಿ ಬರುತ್ತೆ."